ಕೂತು ಮಾಡೋ ಕೆಲಸ

ದರ್ಜಿಯ ಹೆಂಡತಿಗೆ ಇವತ್ತಿಗೂ ಹೊಲಿಗೆ ಮಷಿನ್ನಿನ ಬೆಲ್ಟು ಕಂಡಾಗಲೆಲ್ಲ ಆ ಒಂದು ದಿನ ನೆನಪಾಗುತ್ತದೆ. ಅವತ್ತು ಅದೊಂದನ್ನು ಬಿಚ್ಚಿ ಎತ್ತಿಟ್ಟಿದ್ದರೆ ಸಾಕಿತ್ತು.

ಗಂಡನ ಮೊಣಕಾಲಿನ ಹಿಂದೆ ಒಂದು ಗಡ್ಡೆ ಎದ್ದಿತ್ತು. ಪರೀಕ್ಷೆ ಮಾಡಿದಾಗ ಕ್ಯಾನ್ಸರ್ ಎಂದು ಗೊತ್ತಾಯಿತು. ಎಲ್ಲಿಯವರೆಗೆ ಹರಡಿದೆ ಎಂದು ತಿಳಿದರೆ ಗಡ್ಡೆಯನ್ನಷ್ಟೇ ತೆಗೆದು ಕಾಲು ಉಳಿಸಬಹುದೇನೋ ಎಂದು ಡಾಕ್ಟರು ಪೆಟ್ ಸ್ಕ್ಯಾನಿಗೆ ಬರೆದುಕೊಟ್ಟರು.

"ಎಕ್ಸ್‌ರೇ ತೆಗೆಸಿದ್ದಾಯ್ತಲ್ಲ ಸಿಸ್ಟರ್, ಮತ್ತೆ ಇದೇನು ಹೊಸದು?" ದರ್ಜಿಗೆ ಎಲ್ಲದರಲ್ಲೂ ಅನುಮಾನ. ತನ್ನ ಅಳತೆ ಪಟ್ಟಿಯನ್ನೇ ನಂಬದೆ ಎರಡು ಸಲ ಹಿಡಿಯುವ ಆಸಾಮಿ.

ನರ್ಸಮ್ಮ ನಕ್ಕರು. "ಎಕ್ಸ್‌ರೇ ಮೂಳೆ ಹೇಗಿದೆ ಅಂತ ತೋರ್ಸುತ್ತೆ ಅಣ್ಣ. ಇದು ಒಳಗಿನ ಜೀವಕೋಶ ಏನ್ ಮಾಡ್ತಿದೆ ಅಂತಾನೇ ತೋರ್ಸುತ್ತೆ. ಈಗ ವಿಜ್ಞಾನ ಅಷ್ಟು ಮುಂದೆ ಬಂದಿದೆ. ಸಕ್ಕರೆಯಂಥ ಒಂದು ಔಷಧಿ ಸೂಜೀಲಿ ಕೊಡ್ತೀವಿ. ಕ್ಯಾನ್ಸರ್ ಗಡ್ಡೆಗೆ ಹಸಿವು ಜಾಸ್ತಿ, ಅದನ್ನ ಎಳ್ಕೊಳ್ಳುತ್ತೆ, ಚಿತ್ರದಲ್ಲಿ ಹೊಳೆಯುತ್ತೆ. ಸ್ಕ್ಯಾನಿಗೆ ಮುಂಚೆ ಆರು ಗಂಟೆ ಹೊತ್ತು ಬರೀ ನೀರು. ಹಿಂದಿನ ದಿನದಿಂದ ಮೈ ದಣಿಯೋ ಕೆಲಸ ಬೇಡ."

"ನಂದು ಕೂತು ಮಾಡೋ ಕೆಲಸ. ದಣಿವೇನು ಬಂತು?"

ಸ್ಕ್ಯಾನಿನ ಹಿಂದಿನ ದಿನ ಶಾಲೆಯ ನಲವತ್ತು ಸಮವಸ್ತ್ರ ಬಾಕಿ ಇತ್ತು. ಅವನು ಬೆಳಿಗ್ಗೆಯಿಂದ ಸಂಜೆಯವರೆಗೆ ಪೆಡಲು ತುಳಿದ. ನಿಜ ಹೇಳಬೇಕೆಂದರೆ, "ಕೂತು ಹೊಲಿಯೋದು ತಾನೆ, ಮುಗಿಸಿಬಿಡಿ" ಎಂದು ಬಟ್ಟೆ ತಂದು ತಂದು ಮುಂದಿಟ್ಟವಳು ಅವಳೇ. ಮರುದಿನ ನರ್ಸಮ್ಮ "ಏನಾದ್ರೂ ಕೆಲಸ ಮಾಡಿದ್ರಾ?" ಎಂದು ಕೇಳಿದಾಗ ಅವನು "ಇಲ್ಲಪ್ಪ" ಎಂದ. ಪಕ್ಕದಲ್ಲೇ ಇದ್ದ ಅವಳೂ ಬಾಯಿ ಬಿಡಲಿಲ್ಲ.

ಚಿತ್ರದಲ್ಲಿ ಎರಡೂ ಕಾಲು ತೊಡೆಯಿಂದ ಪಾದದವರೆಗೆ ಹೊಳೆದವು. ದುಡಿದ ಸ್ನಾಯುಗಳೆಲ್ಲ ಆ ಸಕ್ಕರೆಯನ್ನು ಎಳೆದುಕೊಂಡಿದ್ದವು. ರೋಗ ಯಾವುದು, ದಣಿವು ಯಾವುದು, ಡಾಕ್ಟರಿಗೆ ಗೊತ್ತಾಗಲಿಲ್ಲ.

"ಪೆಡಲ್ ತುಳಿದ್ರಾ ಅಣ್ಣ? ಹೇಳಿದ್ರೆ ಬೇರೆ ದಿನ ಕೊಡ್ತಿದ್ವಲ್ಲ!" ನರ್ಸಮ್ಮ ಪೇಚಾಡಿದರು. ಹತ್ತು ದಿನ ಬಿಟ್ಟು ತಪ್ಪದೆ ಬನ್ನಿ ಎಂದರು.

"ಅಷ್ಟು ದೊಡ್ಡ ಮಷಿನ್ನಿಗೇ ಗೊತ್ತಾಗ್ಲಿಲ್ಲ, ಇನ್ನು ಇವರಿಗೇನು ಗೊತ್ತಾಗುತ್ತೆ?" ಎಂದ ದರ್ಜಿ ಐದು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಅವಳೂ ಹಟ ಹಿಡಿಯಲಿಲ್ಲ. ಕೊನೆಗೆ ನೋವು ತಡೆಯಲಾರದೆ ಹೋದಾಗ ಚಿತ್ರ ಸ್ಪಷ್ಟವಾಗಿ ಬಂತು. ಗಡ್ಡೆ ಬೆಳೆದಿತ್ತು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. "ಆಗಲೇ ಬಂದಿದ್ರೆ ಗಡ್ಡೆಯನ್ನಷ್ಟೇ ತೆಗೀಬಹುದಿತ್ತೇನೋ" ಎಂದರು ಡಾಕ್ಟರು.

ಈಗ ಅವಳು ಹೊಲಿಯುತ್ತಾಳೆ, ಅವನು ಬಟ್ಟೆ ಕತ್ತರಿಸುತ್ತಾನೆ. ಮೊನ್ನೆ ಪಕ್ಕದ ಮನೆಯ ಬಡಗಿ, ಮರುದಿನ ಅದೇ ಸ್ಕ್ಯಾನ್ ಇಟ್ಟುಕೊಂಡು, ಮರ ಕೊಯ್ಯುತ್ತ ಕೂತಿದ್ದ.

"ಇದೊಂದು ಬಾಗಿಲು ಅತ್ತಿಗೆ, ಮುಗಿಸಿಬಿಡ್ತೀನಿ."

ಅವಳು ಗರಗಸವನ್ನೇ ಕಿತ್ತುಕೊಂಡಳು. "ಬಾಗಿಲು ಎಲ್ಲೂ ಓಡಿಹೋಗಲ್ಲ ಮಾರಾಯ. ನಾನು ಅವತ್ತು ಮಾಡದೆ ಬಿಟ್ಟ ಕೆಲಸ ಇದು, ಇವತ್ತು ಮಾಡ್ತೀನಿ."

ದರ್ಜಿ ಊರುಗೋಲು ಊರಿಕೊಂಡು ಬಂದು ನಿಂತ. "ನಾಳೆ ಅವರು ಕೇಳಿದ್ದಕ್ಕೆಲ್ಲ ನಿಜ ಹೇಳು ತಮ್ಮ. ನಾನು ಹೇಳ್ಲಿಲ್ಲ."

ಬಡಗಿ ಅವನ ಮಡಚಿ ಪಿನ್ನು ಹಾಕಿದ ಪ್ಯಾಂಟಿನ ಕಾಲು ನೋಡಿದ. ಎದ್ದು ಕೈ ತೊಳೆದುಕೊಂಡ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಈ ಸ್ಕ್ಯಾನ್ ಬರೆದುಕೊಟ್ಟಿದ್ದಾರೆಯೇ? ಹಿಂದಿನ ದಿನವೇ ಅವರ ಕೈಯಿಂದ ಕೆಲಸ ಬಿಡಿಸಿ, ಅದು ಕೂತು ಮಾಡುವುದಾದರೂ ಸರಿ. ಸಕ್ಕರೆ ಕಾಯಿಲೆ ಇದ್ದರೆ, ಬಸುರಿಯಾಗಿದ್ದರೆ ಮೊದಲೇ ತಿಳಿಸಿ. ತಪ್ಪಾಗಿದ್ದರೆ ಮುಚ್ಚಿಡಬೇಡಿ, ಮತ್ತೆ ಕರೆದರೆ ಹೋಗಿ. ಸ್ಕ್ಯಾನ್ ಇನ್ನೊಂದು ದಿನ ಮಾಡಿಸಬಹುದು. ಹೋದ ಕಾಲನ್ನು ಯಾವ ದರ್ಜಿಯೂ ಹೊಲಿದು ಕೊಡಲಾರ.