ಎರಡು ಕಡೆಯ ದಲಾಲಿ

ಟುವಾಲಿನ ಕೆಳಗೆ ಎರಡು ಕೈ ಕೂಡಿರುವಾಗ ಮೂರನೆಯವರು ಬಾಯಿ ಬಿಡಬಾರದು. ಶರಣನಿಗೆ ಇದು ಗೊತ್ತಿರಲಿಲ್ಲ. ಗೊತ್ತಿರಲು ಅವನೇನು ದನದ ಸಂತೆಯಲ್ಲಿ ಬೆಳೆದವನೇ?

“ಚಾಚಾ, ಈ ಗಾಡಿ ಆಂಧ್ರ ಪಾಸಿಂಗ್ ಐತಿ. ಟ್ಯಾಕ್ಸ್ ಎಷ್ಟಂತ ಒಮ್ಮೆ ಕೇಳ್ರಿ...” ಎಂದು ಅವನು ಶುರು ಮಾಡಿದ್ದೇ ತಡ, ದನದ ದಲ್ಲಾಳಿ ಜಹೀರುದ್ದೀನ್ ಕಣ್ಣು ಕೆಕ್ಕರಿಸಿದ. ಶರಣನ ಅಪ್ಪ ಮರಿಬಸಪ್ಪನೂ ಮಗನ ತೋಳು ಹಿಡಿದು ಹಿಂದಕ್ಕೆಳೆದ.

“ಸುಮ್ನಿರಲೇ. ಅಂವ ಕೈ ಹಿಡದಾನ.”

ಬಳ್ಳಾರಿಯ ಬೈಪಾಸಿನ ಪಕ್ಕ, ತಗಡಿನ ಶೆಡ್ಡಿನ ಕೆಳಗೆ ಹತ್ತಾರು ಹಳೆ ಕಾರುಗಳು ಮೈ ತೊಳೆದುಕೊಂಡು ನಿಂತಿದ್ದವು. ಅದಿರು ಲಾರಿಗಳು ಹಾರಿಸಿದ ಕೆಂಪು ಧೂಳು ತೊಳೆದ ಮೈಮೇಲೆ ಆಗಲೇ ಕೂತಿತ್ತು. ಒಂದು ಬಿಳಿ ಕಾರಿನ ಬಾನೆಟ್ಟಿನ ಮುಂದೆ ಜಹೀರುದ್ದೀನ್ ತನ್ನ ಹೆಗಲ ಟುವಾಲು ಹರವಿ, ಅದರ ಕೆಳಗೆ ಅಂಗಡಿಯ ಮಾಲೀಕ ಚನ್ನಬಸವರಾಜನ ಕೈ ಹಿಡಿದಿದ್ದ. ಎರಡು ಬೆರಳು ಒತ್ತಿದರೆ ಎರಡು ಲಕ್ಷ, ಆಮೇಲೆ ಇಡೀ ಹಸ್ತ ಹಿಡಿದರೆ ಮೇಲೆ ಐವತ್ತು ಸಾವಿರ. ಚನ್ನಬಸವರಾಜ ಇನ್ನೂ ನಲವತ್ತು ದಾಟದವನು, ಕೊರಳಲ್ಲಿ ದಪ್ಪ ಚೈನು, ಕಿವಿಯಲ್ಲಿ ಇಯರ್‌ಫೋನು. ಇಂಥವನು ಕೈ ಕೊಡುತ್ತಾನೋ ಇಲ್ಲವೋ ಎಂದು ಜಹೀರುದ್ದೀನನಿಗೆ ಮೊದಲು ಅಳುಕಿತ್ತು. ಆದರೆ ಅವನು ಟುವಾಲು ಕಂಡೊಡನೆ ನಕ್ಕು, “ನಮ್ಮ ಅಜ್ಜನೂ ಸಂತ್ಯಾಗ ಹಿಂಗ ಮಾಡ್ತಿದ್ರಿ ಸಾಹೇಬ್ರ” ಎಂದು ತಾನಾಗಿಯೇ ಕೈ ಚಾಚಿದ್ದ. ಆ ಒಂದು ಮಾತಿಗೆ ಜಹೀರುದ್ದೀನ್ ಕರಗಿ ನೀರಾಗಿದ್ದ.

ಚನ್ನಬಸವರಾಜ ಬೆರಳು ಬಿಡಿಸಿಕೊಳ್ಳಲು ನೋಡಿದ. ಜಹೀರುದ್ದೀನ್ ಬಿಡಲಿಲ್ಲ. ಕೊನೆಗೆ ಚನ್ನಬಸವರಾಜ ತಲೆ ಆಡಿಸಿದ. ಟುವಾಲು ಮತ್ತೆ ಹೆಗಲೇರಿತು.

“ಮುಗೀತು ಅಣ್ಣಾ,” ಎಂದ ಜಹೀರುದ್ದೀನ್ ಮರಿಬಸಪ್ಪನಿಗೆ. “ಇನ್ನು ಒಂದು ರೂಪಾಯಿ ಮ್ಯಾಲ ಕೇಳಿದ್ರ ನನ್ನ ಕೇಳು.”

ಕುರುಗೋಡಿನ ಮರಿಬಸಪ್ಪನ ಕೊಟ್ಟಿಗೆಗೆ ಬಂದ ಒಂದೊಂದು ಎತ್ತೂ ಸಿರುಗುಪ್ಪದ ಈ ದಲ್ಲಾಳಿಯ ಕೈ ದಾಟಿಯೇ ಬಂದದ್ದು. ಇಬ್ಬರಿಗೂ ಮೀಸೆ ಮೂಡುವಾಗಿನ ಪರಿಚಯ ಅದು. ಈಗ ಎತ್ತೂ ಇಲ್ಲ, ಸಂತೆಯಲ್ಲಿ ಮೊದಲಿನ ಗದ್ದಲವೂ ಇಲ್ಲ. ಗದ್ದೆಗೆ ಟ್ರ್ಯಾಕ್ಟರು ಇಳಿದ ಮೇಲೆ ಜಹೀರುದ್ದೀನನನ್ನು ಕರೆಯುವವರು ಕಡಿಮೆಯಾಗಿ, ಅವನು ಸಿರುಗುಪ್ಪದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು ಬೇರೆಯವರ ಪೇಪರು ಓದುವವನಾಗಿದ್ದ. ಅಂಥ ಹೊತ್ತಿನಲ್ಲಿ ಮರಿಬಸಪ್ಪನ ಫೋನು ಬಂದಿತ್ತು. ಮರಿಬಸಪ್ಪನ ಹೆಂಡತಿ ಹೊನ್ನೂರಮ್ಮನ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಬಳ್ಳಾರಿಗೆ ಹೋಗಬೇಕು. ಹೋಗುವುದು ಹೇಗೋ ಆಗುತ್ತಿತ್ತು, ಬರುವಾಗ ಬಸ್ಸಿನಲ್ಲಿ ಆಕೆಗೆ ನಿಲ್ಲಲಾಗುತ್ತಿರಲಿಲ್ಲ, ಕೂತರೂ ಕಿಟಕಿಯ ಸರಳಿಗೆ ಹಣೆಯಿಟ್ಟು ವಾಂತಿ ಮಾಡಿಕೊಳ್ಳುತ್ತಿದ್ದಳು. ಸೊಸೈಟಿಯಲ್ಲಿದ್ದ ಠೇವಣಿ ಬಿಡಿಸಿ ಒಂದು ಹಳೆ ಕಾರು ತರೋಣ ಎಂದು ಮರಿಬಸಪ್ಪ ತೀರ್ಮಾನಿಸಿದಾಗ ಶರಣ ಮೊಬೈಲಿನಲ್ಲಿ ಹತ್ತು ಗಾಡಿ ತೋರಿಸಿದ್ದ. ಮರಿಬಸಪ್ಪ ಒಂದನ್ನೂ ಸರಿಯಾಗಿ ನೋಡದೆ, “ಜಹೀರಾ ಬಂದು ಕೈ ಹಿಡೀಲಿ” ಎಂದಿದ್ದ. ಫೋನು ಇಟ್ಟ ಮೇಲೆ ಜಹೀರುದ್ದೀನ್ ಹೆಂಡತಿ ಸುಗ್ರಾಬಿಗೆ ಈ ಮಾತನ್ನು ಮತ್ತೆ ಮತ್ತೆ ಹೇಳಿದ್ದ. ಅವನಿಗೆ ಕಾರಿನ ಚಕ್ರ ಎಷ್ಟು ಎನ್ನುವುದರಾಚೆ ಏನೂ ತಿಳಿಯದು. ಆದರೆ ವ್ಯಾಪಾರ ಎಂದರೆ ವ್ಯಾಪಾರ, ಅದರಲ್ಲಿ ಎತ್ತೇನು ಕಾರೇನು ಎಂದು ಅವನು ಮನಸ್ಸಾರೆ ನಂಬಿದ್ದ.

ಮರಿಬಸಪ್ಪ ಇಪ್ಪತ್ತೈದು ಸಾವಿರ ಮುಂಗಡ ಎಣಿಸಿಕೊಟ್ಟ. ಉಳಿದದ್ದು ವಾರದಲ್ಲಿ ಎಂದಾಯಿತು. ತಂದೆ ಮಗ ಕಾರಿನ ಹಿಂದಿನ ಸೀಟಿನಲ್ಲಿ ಹೊನ್ನೂರಮ್ಮ ಕಾಲು ಚಾಚಿ ಮಲಗಬಹುದೇ ಎಂದು ಬಾಗಿಲು ತೆಗೆದು ನೋಡುತ್ತಿರುವಾಗ, ಚನ್ನಬಸವರಾಜ ಜಹೀರುದ್ದೀನನ ಅಂಗಿಯ ಜೇಬಿಗೆ ಮಡಿಸಿದ ನೋಟು ತುರುಕಿದ. “ನಿಮ್ಮ ಹಕ್ಕು ಸಾಹೇಬ್ರ, ಇಟ್ಕೊಳ್ರಿ.” ಜಹೀರುದ್ದೀನ್ ಇಟ್ಟುಕೊಂಡ. ಸಂತೆಯಲ್ಲಿ ಮಾರುವವನೂ ಕೊಡುತ್ತಾನೆ, ಕೊಳ್ಳುವವನೂ ಕೊಡುತ್ತಾನೆ. ಎರಡು ಕಡೆಯ ದಲಾಲಿ ದಲ್ಲಾಳಿಗೆ ಸಲ್ಲುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದನ್ನು ಯಾರೂ ಯಾರಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಅವನೂ ಹೇಳಲಿಲ್ಲ.

ಮುಂದಿನ ವಾರ ಮೂವರೂ ಉಳಿದ ಹಣ ಹಿಡಿದು ಬಂದರು. ಚನ್ನಬಸವರಾಜ ಚಹಾ ತರಿಸಿದ. ಹಣ ಎಣಿಸಿ ಡ್ರಾಯರಿಗೆ ಹಾಕಿದ. ಚಹಾ ಮುಗಿಯುವ ತನಕ ಬಿಸಿಲು, ಕಾಲುವೆ ನೀರು, ಭತ್ತದ ರೇಟು ಎಂದು ಲೋಕಾಭಿರಾಮ ನಡೆಯಿತು. ಆಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡ.

“ಇದು ಗಾಡೀದಾತು. ಇನ್ನು ಉಳಿದದ್ದು ನೋಡೋಣ್ರಿ ಯಜಮಾನ್ರ.”

“ಏನ್ ಉಳದೈತಿ?” ಎಂದ ಮರಿಬಸಪ್ಪ.

“ಆಂಧ್ರ ಗಾಡಿ ಅಲ್ರಿ? ಅಲ್ಲಿಂದ ಎನ್‌ಓಸಿ ತರಬೇಕು. ಇಲ್ಲಿ ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ಮೊದಲಿನಾಂವ ಲೋನ್ ಮ್ಯಾಲ ತಗೊಂಡಿದ್ದ, ಅದನ್ನ ಆರ್‌ಸಿ ಒಳಗಿಂದ ತೆಗೆಸಬೇಕು. ಇನ್ಶೂರೆನ್ಸ್ ಮುಗದೈತಿ. ಮತ್ತ ನಮ್ಮ ಆಫೀಸಿನ ಖರ್ಚು. ಎಲ್ಲಾ ಕೂಡಿ ಒಂದೆಪ್ಪತ್ತು ಸಾವಿರ ಆಗತೈತಿ. ನಿಮಗಂತ ಕಡಿಮಿ ಹೇಳೀನಿ.”

ಮರಿಬಸಪ್ಪ ಚನ್ನಬಸವರಾಜನನ್ನು ನೋಡಲಿಲ್ಲ, ಜಹೀರುದ್ದೀನನ ಕಡೆ ತಿರುಗಿದ. ಜಹೀರುದ್ದೀನ್ ಎದ್ದು ನಿಂತಿದ್ದ.

“ಏನಪಾ ಇದು? ಕೈ ಹಿಡಿದ ಮ್ಯಾಲ ರೇಟು ಮುಗೀತು. ಎತ್ತು ಮಾರಿದಾಂವ ಕೊರಳ ಹಗ್ಗಕ್ಕ ಬ್ಯಾರೆ ರೊಕ್ಕ ಕೇಳ್ತಾನೇನು?”

“ಸಾಹೇಬ್ರ, ನೀವು ಕೈ ಹಿಡದದ್ದು ಗಾಡಿ ರೇಟಿಗೆ. ನಾ ಒಪ್ಪಿದ್ದೂ ಗಾಡಿ ರೇಟಿಗೆ. ಟ್ಯಾಕ್ಸ್ ಎಷ್ಟು, ಪೇಪರ್ ಹೆಂಗ ಅಂತ ನೀವು ಕೇಳಿದ್ರೇನು? ಇಂವ ಕೇಳಾಕ ಬಂದಿದ್ದ,” ಚನ್ನಬಸವರಾಜ ಗದ್ದದಲ್ಲೇ ಶರಣನನ್ನು ತೋರಿಸಿದ. “ನೀವ ಬಾಯಿ ಮುಚ್ಚಿಸಿದ್ರಿ.”

ಸಂತೆಯಲ್ಲಾದರೆ ನಾಲ್ಕು ಜನ ದಲ್ಲಾಳಿಗಳು ಸುತ್ತುವರಿದು ಇಂಥವನ ಮಾನ ಹರಾಜು ಹಾಕುತ್ತಿದ್ದರು, ಮರುವಾರ ಅವನ ದನ ಯಾರೂ ಮುಟ್ಟುತ್ತಿರಲಿಲ್ಲ. ಇಲ್ಲಿ ಫ್ಯಾನು ತಿರುಗುವ ಸದ್ದು ಬಿಟ್ಟರೆ ಯಾರಿದ್ದರು? ಜಹೀರುದ್ದೀನ್ ದನಿ ಏರಿಸಿದ. ಮೋಸ ಎಂದ, ನಿಮ್ಮಜ್ಜ ಇದ್ದಿದ್ದರೆ ನಿನ್ನ ಮುಖ ನೋಡುತ್ತಿರಲಿಲ್ಲ ಎಂದ. ಚನ್ನಬಸವರಾಜನ ಮುಖದ ನಗೆ ಅಲ್ಲಿಗೆ ಮುಗಿಯಿತು.

“ಮೋಸ ಅನಬ್ಯಾಡ್ರಿ. ನಿಮ್ಮ ಕಮಿಷನ್ ಐದು ಸಾವಿರ ಅವತ್ತ ಕೊಟ್ಟೀನಿ. ಅದೂ ಇದರಾಗ ಸೇರೇತಿ. ನನ್ನ ಮನಿಯಿಂದ ಕೊಡಾಕ ಆಗತೈತೇನು?”

ಮರಿಬಸಪ್ಪ ಲೋಟವನ್ನು ಮೇಜಿನ ಮೇಲಿಟ್ಟ. ಶರಣ ಮೊಬೈಲಿನಿಂದ ತಲೆಯೆತ್ತಿದ.

“ಅಣ್ಣಾ, ಅದು ಪದ್ಧತಿ,” ಎಂದ ಜಹೀರುದ್ದೀನ್. “ಎರಡೂ ಕಡೀದು ಬರೋದು ನಿನಗೂ ಗೊತ್ತೈತಿ. ಆದ್ರ ನಿನ್ನ ಲೆಕ್ಕಕ್ಕ ಹಚ್ಚತಾನಂತ ನನಗ... ತಡಿ, ಅದನ್ನ ಅವನ ಮಾರಿ ಮ್ಯಾಲ ಒಗೀತೀನಿ.” ಕೈ ಜೇಬಿಗೆ ಹೋಯಿತು, ಹೋದದ್ದು ಅಲ್ಲೇ ನಿಂತಿತು. ಆ ಹಣ ಅವತ್ತು ಸಂಜೆಯೇ ಕಿರಾಣಿ ಅಂಗಡಿಯ ಬಾಕಿಗೂ ಸುಗ್ರಾಬಿಯ ಮಂಡಿನೋವಿನ ಮಾತ್ರೆಗೂ ಹೋಗಿತ್ತು. ಎಷ್ಟೋ ತಿಂಗಳ ಮೇಲೆ ಬಂದ ಮೊದಲ ದಲಾಲಿ ಎಂದು ಮನೆಗೆ ಅರ್ಧ ಕಿಲೋ ಮಟನ್ ಕೂಡ ತಂದಿದ್ದ. ಈಗ ಜೇಬಿನಲ್ಲಿ ಬಸ್ಸಿನ ಚಾರ್ಜು ಮಾತ್ರ ಇತ್ತು.

ಆ ಕೈ ಹೊರಗೆ ಬರುವುದನ್ನು ಮರಿಬಸಪ್ಪ ಕಾಯಲಿಲ್ಲ. “ಬ್ಯಾಡ ಅಂದ್ರ ಮುಂಗಡಾನೂ ಕೂಡಿ ಎಲ್ಲಾ ವಾಪಸ್ ಬರತೈತೇನು?” ಎಂದು ಚನ್ನಬಸವರಾಜನನ್ನು ಕೇಳಿದ. ಬರುವುದಿಲ್ಲ ಎಂದು ಅವನು ತಲೆಯಾಡಿಸಿದ. ನಾಳೆ ಹೊನ್ನೂರಮ್ಮನನ್ನು ಡಯಾಲಿಸಿಸ್‌ಗೆ ಕರೆತರುವ ದಿನ. ಮರಿಬಸಪ್ಪ ಚಪ್ಪಲಿ ಮೆಟ್ಟಿಕೊಂಡು, ಬಳ್ಳಾರಿಯಲ್ಲೇ ಇದ್ದ ತಂಗಿ ಪಾರಮ್ಮನ ಮನೆಗೆ ಆಟೋ ಹತ್ತಿ ಹೋದ. ತಂಗಿಯ ಮುಂದೆ ಕೈ ಚಾಚುವುದು ಅವನಿಗೆ ಎಷ್ಟು ಕಷ್ಟದ ಕೆಲಸ ಎಂದು ಜಹೀರುದ್ದೀನನಿಗೆ ಗೊತ್ತಿತ್ತು. ಆಕೆಯ ಗಂಡನ ಜೊತೆ ಮರಿಬಸಪ್ಪ ಮಾತು ಬಿಟ್ಟು ವರ್ಷಗಳಾಗಿದ್ದವು.

ಶೆಡ್ಡಿನ ನೆರಳಲ್ಲಿ ಶರಣನೂ ಜಹೀರುದ್ದೀನನೂ ಕಾದರು. “ಖುದಾನ ಆಣಿಗೂ ನನಗ ಗೊತ್ತಿರಲಿಲ್ಲಪಾ ಶರಣ,” ಎಂದ ಜಹೀರುದ್ದೀನ್.

“ಗೊತ್ತಿಲ್ಲ ಅಂತ ಅವತ್ತ ಹೇಳಬೇಕಿತ್ತಲ್ರಿ ಚಾಚಾ. ನಾ ಕೇಳ್ತಿದ್ದೆ.” ಶರಣ ಸಿಟ್ಟಿನಿಂದ ಹೇಳಲಿಲ್ಲ. ಬೈದಿದ್ದರೆ ಜಹೀರುದ್ದೀನನಿಗೆ ಹಗುರವಾಗುತ್ತಿತ್ತು. ಇಷ್ಟು ವರ್ಷ ಸಾವಿರಾರು ಕೈ ಹಿಡಿದವನು ತನ್ನ ಕೈಯನ್ನೇ ಎಲ್ಲಿಡಬೇಕೋ ತಿಳಿಯದೆ ಅದನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತ.

ಮರಿಬಸಪ್ಪ ಬಂದು ಹಣ ಕೊಟ್ಟಾಗ ಹೊತ್ತು ಮಧ್ಯಾಹ್ನ ದಾಟಿತ್ತು. ಯಾರ ಹೊಟ್ಟೆಗೂ ಚಹಾ ಬಿಟ್ಟು ಏನೂ ಬಿದ್ದಿರಲಿಲ್ಲ. ಶರಣ ಗಾಡಿ ಓಡಿಸಿದ, ಮರಿಬಸಪ್ಪ ಮುಂದೆ ಕೂತ. ಹಿಂದಿನ ಸೀಟಿನಲ್ಲಿ ಜಹೀರುದ್ದೀನ್ ಒಬ್ಬನೇ. ಸೀಟಿಗೆ ಯಾರೋ ಸೆಂಟು ಹೊಡೆದಿದ್ದರು. ಹೊನ್ನೂರಮ್ಮನಿಗೆ ಈ ವಾಸನೆ ಆಗುವುದಿಲ್ಲ, ಕಿಟಕಿ ತೆಗೆದಿಡಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡ.

ಎತ್ತು ಕೊಂಡ ದಿನ ಕುರುಗೋಡಿನ ಆ ಮನೆಯಲ್ಲಿ ಒಂದು ನಡಾವಳಿ ಇತ್ತು. ಹೊನ್ನೂರಮ್ಮ ಎತ್ತಿನ ಕಾಲಿಗೆ ನೀರು ಹಾಕಿ, ಆರತಿ ಎತ್ತಿ ಒಳಗೆ ಕರೆದುಕೊಳ್ಳುತ್ತಿದ್ದಳು. ಆಮೇಲೆ ಪಡಸಾಲೆಯಲ್ಲಿ ಮೊದಲ ತಾಟು ಜಹೀರುದ್ದೀನನಿಗೆ. ಮನೆಯ ಯಜಮಾನನದೂ ಆಮೇಲೆಯೇ. ಉಂಡು ಎದ್ದಾಗ ಮರಿಬಸಪ್ಪ ಎಲೆ ಅಡಿಕೆಯ ಜೊತೆ ದಲಾಲಿ ಕೊಡುತ್ತಿದ್ದ. ಜಹೀರುದ್ದೀನನಿಗೆ ಆ ದಲಾಲಿಗಿಂತ ಆ ಮೊದಲ ತಾಟು ದೊಡ್ಡದಾಗಿತ್ತು. ಊರೂರು ತಿರುಗಿದ ಅವನಿಗೆ ಅಂಥ ತಾಟು ಇಟ್ಟ ಮನೆ ಇನ್ನೊಂದಿರಲಿಲ್ಲ.

ಸಿರುಗುಪ್ಪದ ದಾರಿಯಿಂದ ಕುರುಗೋಡಿನ ದಾರಿ ಕವಲೊಡೆಯುವಲ್ಲಿ ಮರಿಬಸಪ್ಪ ಮಗನ ಭುಜ ಮುಟ್ಟಿದ. ಕಾರು ನಿಂತಿತು.

“ಜಹೀರಾ, ಇಲ್ಲಿ ನಿನಗ ಬಸ್ ಸಿಗತೈತಿ. ಮನ್ಯಾಗ ಅಕಿಗೆ ಅರಾಮಿಲ್ಲ. ಸುಮ್ನ ನಿನಗ್ಯಾಕ ಸುತ್ತು?”

“ಹೌದೌದು,” ಎಂದ ಜಹೀರುದ್ದೀನ್ ಅವಸರದಿಂದ. “ಅಕಿಗೆ ತ್ರಾಸ ಕೊಡೋದು ಬ್ಯಾಡ.” ಬಾಗಿಲ ಹಿಡಿ ಎಲ್ಲಿದೆಯೆಂದು ತಡಕಾಡಿದ. ಶರಣ ಇಳಿದು ಬಂದು ಹೊರಗಿನಿಂದ ತೆಗೆದ.

ಮರಿಬಸಪ್ಪ ಕಿಟಕಿಯಿಂದ ಕೈ ಚಾಚಿದ. ಅದರಲ್ಲಿ ನೋಟುಗಳಿದ್ದವು, ಯಾವಾಗಲೂ ಕೊಡುತ್ತಿದ್ದುದಕ್ಕಿಂತ ಜಾಸ್ತಿಯೇ.

“ಬ್ಯಾಡಣ್ಣಾ. ಇವತ್ತ ಬ್ಯಾಡ. ಉಲ್ಟಾ ನಾನ ನಿನಗ ಕೊಡಬೇಕು. ಕೊಡ್ತೀನಿ, ಒಂದೆರಡು ತಿಂಗಳು...”

“ತಗೋ. ಅವರ ಕಡೀದು ಬಂತು, ನಮ್ಮ ಕಡೀದೂ ಮುಟ್ಟಲಿ. ಪದ್ಧತಿ ಅಲ್ಲೇನು?”

ಅದರಲ್ಲಿ ಚುಚ್ಚು ಇತ್ತೋ ಇಲ್ಲವೋ, ಮರಿಬಸಪ್ಪನ ಮುಖದಿಂದ ತಿಳಿಯುವಂತಿರಲಿಲ್ಲ. ಅವನ ಮುಖ ದಣಿದಿತ್ತು, ಅಷ್ಟೇ. ಜಹೀರುದ್ದೀನ್ ತಗೊಂಡ. ತಗೊಳ್ಳದೆ ನಿಂತರೆ ಕಾರು ಹೊರಡುವುದಿಲ್ಲ, ಮನೆಯಲ್ಲಿ ಹೊನ್ನೂರಮ್ಮ ಒಬ್ಬಳೇ ಇದ್ದಾಳೆ ಎನಿಸಿತು. ಬಿಳಿ ಕಾರು ಕುರುಗೋಡಿನ ಕಡೆ ತಿರುಗಿತು. ಅವನು ಬಸ್ಸಿಗೆ ಕಾದ. ಒಂದು ಬಸ್ಸು ನಿಲ್ಲಲಿಲ್ಲ. ಇನ್ನೊಂದು ನಿಂತಿತು, ಅವನು ಹತ್ತಲಿಲ್ಲ. ಮೂರನೆಯದರಲ್ಲಿ ನಿಂತುಕೊಂಡೇ ಸಿರುಗುಪ್ಪ ಮುಟ್ಟಿದ.

ಮನೆಗೆ ಬಂದಾಗ ಸಂಜೆಯ ಮಗ್ರಿಬಿನ ಅಜಾನ್ ಆಗುತ್ತಿತ್ತು. ಸುಗ್ರಾಬಿ ಪಾತ್ರೆ ತೊಳೆದು ಬೋರಲು ಹಾಕಿ, ಮಂಡಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಳು. ಅವನನ್ನು ಕಂಡು ಮುಖ ಅರಳಿಸಿದಳು.

“ಬಂದ್ರಿ? ನಾ ಉಂಡೆ. ನಿಮಗ ಏನೂ ಇಟ್ಟಿಲ್ಲ ನೋಡ್ರಿ, ಕುರುಗೋಡಿಗೆ ಹೋದ ದಿನ ನೀವು ಮನ್ಯಾಗ ಎಲ್ಲಿ ಉಣ್ತೀರಿ?”

“ಹ್ಞೂಂ. ಉಂಡೆ.”

“ಕಾರು ಚಲೋ ಐತೇನ್ರಿ? ಅಕಿಗೆ ಅರಾಮ ಆಗತೈತಿ ಬಿಡ್ರಿ ಇನ್ನ.”

“ಚಲೋ ಐತಿ.”

“ಏನ್ ಮಾಡಿದ್ಲು ಹೊನ್ನೂರಮ್ಮ?”

“ಹೋಳಿಗಿ,” ಎಂದ ಅವನು. ಅಂಗಿ ಬಿಚ್ಚಿ ಮೊಳೆಗೆ ಹಾಕುತ್ತ, ಬೆನ್ನು ಈ ಕಡೆ ಮಾಡಿ, “ಬ್ಯಾಡಂದ್ರೂ ಬಿಡಲಿಲ್ಲ. ತುಪ್ಪ ಹಾಕಿದ್ಲು,” ಎಂದು ಸೇರಿಸಿದ.

“ಅಯ್ಯ, ಅಂಥಾ ಜಡ್ಡಿನ್ಯಾಗ ಹೋಳಿಗಿ ಮಾಡ್ಯಾಳ ನೋಡು ಪುಣ್ಯಾತ್ಮಳು!” ಸುಗ್ರಾಬಿ ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು. “ಎಲ್ಲಿ, ಕೊಡ್ರಿ. ನನಗ ಕಟ್ಟಿ ಕೊಡದ ಅಕಿ ನಿಮ್ಮನ್ನ ಯಾವತ್ತು ಕಳಿಸ್ಯಾಳ?”

ಅವನು ತಿರುಗಲಿಲ್ಲ. ಮೊಳೆಗೆ ಹಾಕಿದ ಅಂಗಿಯನ್ನು ಸರಿ ಮಾಡುತ್ತಲೇ ಇದ್ದ.

ಸುಗ್ರಾಬಿ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಆಕೆ ಗೋಡೆ ಹಿಡಿದು, ಮಂಡಿ ಒತ್ತಿಕೊಂಡು ಎದ್ದಳು. ಅಡಿಗೆಮನೆಯ ದೀಪ ಹಾಕಿ, ಬೋರಲು ಹಾಕಿದ್ದ ಪಾತ್ರೆಯನ್ನು ಎತ್ತಿಕೊಂಡು ಅದಕ್ಕೆ ಎರಡು ಹಿಡಿ ಅಕ್ಕಿ ಹಾಕಿದಳು.