ಕರ್ನಲ್ ಥ್ರಪ್ ಏರಿದ ಕುರ್ಚಿ

ಆಂಬ್ರೋಸ್ ಪೆಂಡ್ಲ್‌ಬರಿ ಮೂವತ್ತು ವರ್ಷ ಪಾರ್ಲಿಮೆಂಟಿನಲ್ಲಿ ಕೂತ. ಊರಿಗೆ ಅವರು 'ಸಾಹೇಬರು'. ಎತ್ತಿ ಆಡಿಸಿದವಳು ನಾನು, ಅವರ ಮನೆಯ ಕೆಲಸದ ಟ್ಯಾಬಿತಾ. ನನಗೆ ಮಾತ್ರ ಅವನು ಬರೀ 'ಅವನು'. ಮೊದಲ ಸಲ ಹೇಗೆ ಗೆದ್ದ ಅಂತ ಅವನಿಗೇ ಗೊತ್ತಿಲ್ಲ, ಪಾಪ.

ಆಗೆಲ್ಲ ಗುಟ್ಟಿನ ಓಟು ಎಲ್ಲಿತ್ತು? ಓಟಿದ್ದ ಗಂಡಸರು ಸಂತೆಬಯಲಿನ ಅಟ್ಟಣಿಗೆ ಹತ್ತಿ, ವಿಂಚ್‌ಫೋರ್ಡ್ ಊರೆಲ್ಲ ಕೇಳುವಂತೆ ತಮಗೆ ಬೇಕಾದವನ ಹೆಸರು ಕೂಗಬೇಕು. ದೊಡ್ಡಮನುಷ್ಯರಲ್ಲಿ ಇನ್ನೊಂದು ಮರ್ಯಾದೆಯಿತ್ತು: ಚುನಾವಣೆಗೆ ನಿಂತವನು ತನ್ನ ಓಟನ್ನು ಎದುರಾಳಿಗೆ ಹಾಕಬೇಕು, ಎದುರಾಳಿ ಇವನಿಗೆ. ನಮ್ಮ ಬೆಪ್ಪುತಕ್ಕಡಿ ಬೆಳಗ್ಗೆಯೇ ಟೋಪಿ ತೆಗೆದು "ಕರ್ನಲ್ ಥ್ರಪ್!" ಎಂದು ಕೂಗಿ ಬಂದ. ಎದುರಾಳಿ ಕರ್ನಲ್ ಮಾತ್ರ ಕಾಲುಬೇನೆಯ ನೆಪ ಹೇಳಿ ಎದುರಿನ ಹೋಟೆಲಿನ ಮಹಡಿಯಲ್ಲಿ ಮಾಂಸದ ಪೈ ತಿನ್ನುತ್ತ ಕೂತುಬಿಟ್ಟ.

ಮೂರೂವರೆಗೆ ಇಬ್ಬರಿಗೂ ಇನ್ನೂರ ಹನ್ನೆರಡು. ಓಟು ಹಾಕದೆ ಉಳಿದವನು ಕರ್ನಲ್ ಒಬ್ಬನೇ. ನಾಲ್ಕಕ್ಕೆ ಮುಗಿಯುತ್ತದೆ, ಸಮಸಮ ಆದರೆ ಮೇಯರ್ ಹೇಳಿದವನೇ ಗೆದ್ದಂತೆ. ಮೇಯರ್ ಯಾರು? ಕರ್ನಲ್ಲನ ಭಾವಮೈದ!

"ಮರ್ಯಾದಸ್ಥರು ಬಂದೇ ಬರ್ತಾರಮ್ಮ," ಎಂದ ಆಂಬ್ರೋಸ್.

"ಮರ್ಯಾದಸ್ಥನಂತೆ!" ಎಂದರು ಅವನ ತಾಯಿ. "ಮೂರು ತಲೆಮಾರು ಬ್ಯಾಂಕು ನಡೆಸಿದ ಮನೇಲಿ ಅದೆಲ್ಲಿಂದ ಹುಟ್ಟಿದ್ಯೋ ನೀನು? ಅಡವಿಲ್ದೆ ಯಾರಾದ್ರೂ ಮುಂಚೆನೇ ಓಟು ಕೊಡ್ತಾರೇನೋ?"

ಹುಡುಗನ ಮುಖ ಬಾಡಿತು. ಗಿರಣಿಯ ಹೆಂಗಸರ ಕೆಲಸದ ಹೊತ್ತು ಇಳಿಸಬೇಕೆಂದು ಎರಡು ವರ್ಷ ಕನ್ನಡಿಯ ಮುಂದೆ ಭಾಷಣ ಒಪ್ಪಿಸಿದವನು.

ಅಮ್ಮಾವ್ರು ನನ್ನ ಕಡೆ ತಿರುಗಿದರು. "ಟ್ಯಾಬಿ, ಗೆದ್ದೋರನ್ನ ಹೊತ್ತು ಮೆರೆಸೋ ಕುರ್ಚಿ ಎಲ್ಲಿದ್ಯೇ?"

"ಚರ್ಚಿನ ಹಿಂದೆ. ಹೂವೂ ಕಟ್ಟಾಗಿದೆ ಅಮ್ಮಾವ್ರೆ."

ಇಬ್ಬರೂ ಮುಖ ಮುಖ ನೋಡಿಕೊಂಡೆವು, ಅಷ್ಟೇ.

ಹೋಟೆಲಿನ ಒಡತಿ ನನ್ನ ಅತ್ತಿಗೆ. ಮಹಡಿಯ ಗಡಿಯಾರದ ಮುಳ್ಳನ್ನು ಮುಂದಕ್ಕೆ ತಳ್ಳುವುದು ಅವಳಿಗೆ ಎಷ್ಟು ಹೊತ್ತಿನ ಕೆಲಸ? ನಾನು ಏದುಸಿರು ಬಿಡುತ್ತ ನುಗ್ಗಿದೆ. "ನಾಲ್ಕಾಯ್ತು ಸ್ವಾಮಿ! ಮೇಯರ್ರು ನಿಮ್ಮ ಹೆಸರೇ ಹೇಳ್ಬಿಟ್ರು! ಕುರ್ಚಿ ಬಾಗಿಲಲ್ಲೇ ಇದೆ!"

ಕರ್ನಲ್ ಗೋಡೆಯ ಗಡಿಯಾರ ನೋಡಿದ. ಕಾಲುಬೇನೆ ಎಲ್ಲಿ ಓಡಿತೋ! ಎರಡೆರಡು ಮೆಟ್ಟಿಲು ಹಾರಿ ಇಳಿದು ಕುರ್ಚಿ ಏರಿದ. ನಮ್ಮ ನಾಲ್ಕು ಆಳು ಹೊತ್ತು, ವಾದ್ಯ ಬಾರಿಸುತ್ತ, ಅಟ್ಟಣಿಗೆಯ ಮೇಲೇ ತಂದು ಇಳಿಸಿದರು.

"ಬನ್ನಿ ಕರ್ನಲ್, ಇನ್ನೂ ಹತ್ತು ನಿಮಿಷ ಇದೆ," ಎಂದ ಗುಮಾಸ್ತ. "ಯಾರಿಗೆ ನಿಮ್ಮ ಓಟು?"

ಕರ್ನಲ್ ಚರ್ಚಿನ ಗಡಿಯಾರ ನೋಡಿದ. ಆಮೇಲೆ ನನ್ನನ್ನು ನೋಡಿದ. ಮೀಸೆಯಲ್ಲಿ ಪೈ ಚೂರು ಹಾಗೇ ಇತ್ತು.

"ಹೇಳ್ರೀ! ಆ ಹುಡುಗ ನಿಮಗೆ ಹಾಕಿಲ್ವಾ?" ಎಂದು ಕಟುಕನೊಬ್ಬ ಕೂಗಿದ. ಊರೇ ನಿಂತು ನೋಡುತ್ತಿದೆ, ಇನ್ನು ಜಾರುವುದೆಲ್ಲಿಗೆ?

"ಪೆಂಡ್ಲ್‌ಬರಿ," ಎಂದು ಗೊಣಗಿದ.

"ಕೇಳಿಸ್ಲಿಲ್ಲಾ!"

"ಪೆಂಡ್ಲ್‌ಬರೀ!"

ಅವನನ್ನು ಇಳಿಸಿ ಅದೇ ಕುರ್ಚಿಗೆ ನಮ್ಮ ಹುಡುಗನನ್ನು ಏರಿಸಿದರು. ಅವನು ಮೇಲಿಂದ ಬಗ್ಗಿ, ಕಣ್ಣಲ್ಲಿ ನೀರು ತುಂಬಿಕೊಂಡು, "ನೋಡಿದ್ಯಾ ಅಮ್ಮ? ನಾನು ಹೇಳ್ಲಿಲ್ವಾ, ಮರ್ಯಾದಸ್ಥರು ಬಂದೇ ಬರ್ತಾರೆ!" ಎಂದ.

"ಹೂಂ ಕಣಪ್ಪಾ," ಎಂದರು ಅಮ್ಮಾವ್ರು. ಮೆರವಣಿಗೆ ಮುಂದೆ ಹೋದ ಮೇಲೆ ನನ್ನ ತೋಳು ಹಿಡಿದುಕೊಂಡರು.

"ಇಂಥ ಬೆಪ್ಪನಿಗೂ ಓಟಿದೆ ಕಣೇ ಟ್ಯಾಬಿ. ನಮ್ಮಿಬ್ರಿಗೆ ಇಲ್ಲ."