ಶಾಲೆಯ ಹಿಂದಿನ ಕಲ್ಲುಭೂಮಿ

ಚನ್ನವೀರಪ್ಪಗೌಡರು ಆ ಭೂಮಿಯನ್ನು ಶಾಲೆಗೆ ಬಿಟ್ಟುಕೊಟ್ಟಾಗ ಊರವರೆಲ್ಲ ನಕ್ಕರು. ತಡಸದಿಂದ ಎರಡು ಹರದಾರಿಯ ಹಳ್ಳಿ ಅದು. ಶಾಲೆಯ ಹಿಂಗೋಡೆಗೆ ಹತ್ತಿಕೊಂಡು ಹದಿನೈದು ಗುಂಟೆ ಜಾಗ. ತುಂಬ ಕಲ್ಲು, ಜಾಲಿಕಂಟಿ, ಪಾಪಾಸುಕಳ್ಳಿ. ಮೂಲೆಯಲ್ಲಿ ಹೂಳು ತುಂಬಿ ಮುಚ್ಚಿಹೋದ ಒಂದು ಬಾವಿ.

“ಹಾವು ಚೇಳು ಬಿಟ್ರ ಅಲ್ಲಿ ಮತ್ತೇನೂ ಬೆಳಿಯೂದಿಲ್ಲರಿ ಮಾಸ್ತರ,” ಎಂದರು ಗೌಡರು. “ಹುಡುಗ್ರಿಗೆ ಬೇಕಂದ್ರ ತಗೋರಿ. ಇವತ್ತಿಂದ ಅದು ಸಾಲಿದು.”

ಸಾವಿರದ ಒಂಬೈನೂರ ಮೂವತ್ತೊಂಬತ್ತರ ಮಳೆಗಾಲ ಆಗಷ್ಟೇ ಹಿಡಿದಿತ್ತು. ಗಿರಿಯಪ್ಪ ಮಾಸ್ತರರಿಗೆ ಆಗ ಇಪ್ಪತ್ನಾಲ್ಕು ವರ್ಷ. ಮಕ್ಕಳು ಕೈಕೆಲಸ ಮಾಡುತ್ತಲೇ ಪಾಠ ಕಲಿಯಬೇಕೆಂಬ ಹೊಸ ಪದ್ಧತಿಯ ತರಬೇತಿಯನ್ನು ಧಾರವಾಡದಲ್ಲಿ ಮುಗಿಸಿ ಬಂದಿದ್ದರು. ಒಂದು ಕಾಗದ ಬರೆಸಿಕೊಳ್ಳಬೇಕೆಂದು ಅವರಿಗೆ ಹೊಳೆಯದೆ ಇರಲಿಲ್ಲ. ಆದರೆ ಇಷ್ಟು ಧಾರಾಳವಾಗಿ ಕೊಟ್ಟವರ ಮುಂದೆ ಕಾಗದದ ಮಾತೆತ್ತಲು ಸಂಕೋಚವಾಯಿತು. ಕೈಮುಗಿದು ಬಂದುಬಿಟ್ಟರು.

ಎಂಟು ತಿಂಗಳು ಮಕ್ಕಳು ಕಲ್ಲು ಆರಿಸಿದರು. ಮನೆಯಿಂದ ಬರುವಾಗ ಒಬ್ಬೊಬ್ಬರೂ ಒಂದು ಪುಟ್ಟಿ ಬೂದಿ, ಇಲ್ಲವೆ ಸಗಣಿ ತಂದು ಸುರಿಯಬೇಕು. ಆ ಮಕ್ಕಳಲ್ಲಿ ಮಾದೇವಿ ಒಬ್ಬಳು, ಹತ್ತು ವರ್ಷದವಳು. ಅವಳ ಅಪ್ಪ ಹನುಮಂತಪ್ಪ ಗೌಡರ ಮನೆಯಲ್ಲಿ ವರ್ಷದ ಆಳು. ಹೆಣ್ಣುಮಗಳಿಗೆ ಶಾಲೆ ಯಾಕೆ ಎಂದು ಅವನು ತಕರಾರು ತೆಗೆದಿದ್ದ. ಅವ್ವ ಹುಚ್ಚವ್ವ ಮಾತ್ರ, “ಹೋಗ್ಲಿ ಬಿಡ್ರಿ, ಶನಿವಾರಕ್ಕೊಮ್ಮೆ ಕಾಯಿಪಲ್ಲೆ ಕೊಡ್ತಾರಂತ,” ಎಂದು ಕಳಿಸಿದ್ದಳು.

ಕಾಯಿಪಲ್ಲೆ ಬಂದದ್ದು ಎರಡನೆಯ ವರ್ಷ. ಅಷ್ಟರಲ್ಲಿ ಮಾದೇವಿಗೆ ತೋಟದ ಹುಚ್ಚು ಹತ್ತಿತ್ತು. ತಗಡಿನ ಚೂರಿನ ಮೇಲೆ ಸುಣ್ಣದಿಂದ ಬದನಿ, ಮೆಂತ್ಯೆ, ಹೀರಿ ಎಂದು ಬರೆದು ಮಡಿಗಳಿಗೆ ಚುಚ್ಚುತ್ತ ಅವಳು ಅಕ್ಷರ ಕಲಿತಳು. ಒಮ್ಮೆ ಮಾಸ್ತರರು ಒಂದು ಸಾಲು ಬೆಂಡೆಯ ಬೀಜವನ್ನು ಎರಡು ಬೆರಳಿನ ಆಳಕ್ಕೂ, ಇನ್ನೊಂದು ಸಾಲನ್ನು ಗೇಣುದ್ದದ ಆಳಕ್ಕೂ ಹಾಕಿಸಿದರು. ಆರನೆಯ ದಿನ ಮೊದಲ ಸಾಲು ಮೇಲೆದ್ದಿತು. ಎರಡನೆಯದು ಹನ್ನೆರಡು ದಿನವಾದರೂ ಏಳಲಿಲ್ಲ. ಮಾದೇವಿ ಕಡ್ಡಿಯಿಂದ ಮಣ್ಣು ಕೆದರಿ ನೋಡಿದಳು. ಬೀಜ ಒಡೆದು, ಬಿಳಿಯ ಮೊಳಕೆ ಅರ್ಧ ದಾರಿಯವರೆಗೆ ಬಂದು, ಬಾಗಿ, ಕೊಳೆತಿತ್ತು.

“ಯಾಕ ಸತ್ತಿತು?” ಎಂದು ಮಾಸ್ತರರು ಕೇಳಿದರು.

ಮಾದೇವಿ ಆ ಮೊಳಕೆಯನ್ನು ಅಂಗೈಮೇಲಿಟ್ಟು ನೋಡಿದಳು. “ಬುತ್ತಿ ತೀರಿರಬೇಕ್ರಿ, ಹಾದ್ಯಾಗ.”

ಮಾಸ್ತರರು ಆ ಮಾತನ್ನು ಹಾಗೆಯೇ ಕರಿಹಲಗೆಯ ಮೇಲೆ ಬರೆದು ಎಲ್ಲರಿಂದಲೂ ಓದಿಸಿದರು.

ಮೂರನೆಯ ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆದರು. ಎತ್ತುಗಳಿಗೆ ಬಿಡುವಿರುವ ಅಮಾವಾಸ್ಯೆಯ ದಿನ ಅಪ್ಪಂದಿರೂ ಬಂದು ಕೈಹಚ್ಚಿದರು. ಹದಿನಾಲ್ಕು ಮೊಳಕ್ಕೆ ನೀರು ಬಂತು. ಮರುದಿನ ಗೌಡರು ನೋಡಲು ಬಂದರು. ಒಂದು ಕೊಡ ಸೇದಿಸಿ, ಬೊಗಸೆ ಒಡ್ಡಿ ಕುಡಿದು, “ಸಿಹಿ ಐತಿ,” ಎಂದರು. ಕಾಲಿನಿಂದ ಮಡಿಯ ಮಣ್ಣು ಕೆದರಿದರು. ಮಣ್ಣು ಕಪ್ಪಗೆ, ಉದುರು ಉದುರಾಗಿತ್ತು. ಬಾವಿಯ ಕಡೆ ಇನ್ನೊಮ್ಮೆ ನೋಡಿ ಹೋದರು.

ಸೋಮವಾರ ಮಕ್ಕಳು ಬಂದಾಗ ತೋಟದ ಸುತ್ತ ಬೇಲಿ ಏಳುತ್ತಿತ್ತು. ಜಾಲಿಮುಳ್ಳು ಎಳೆದು ಕಟ್ಟುತ್ತಿದ್ದವನು ಹನುಮಂತಪ್ಪ. ಎತ್ತು, ಉಳುವ ರಂಟೆ ಪಕ್ಕದಲ್ಲೇ ನಿಂತಿದ್ದವು.

ಮಾಸ್ತರರು ಗೌಡರ ಮನೆಗೆ ಓಡಿದರು.

“ಶಾಲೆಗೆ ಕೊಟ್ಟೀರಲ್ಲರಿ ಗೌಡ್ರ.”

“ಕೊಟ್ಟಿದ್ದೆ. ಹುಡುಗ್ರು ಮೂರು ವರ್ಷ ಆಡಿದ್ರು, ಸಾಕಲ್ಲ. ಕಾಗದ ಏನರ ಐತೇನ್ರಿ ನಿಮ್ಮ ಕಡೆ?”

ಮಾಸ್ತರರು ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದರು.

“ಕೂಡ್ರಿ, ಮಜ್ಜಿಗಿ ಕುಡದು ಹೋಗ್ರಿ,” ಎಂದರು ಗೌಡರು, ಬಹಳ ಮೆತ್ತಗೆ.

ಇತ್ತ ಮಾದೇವಿ ಬೇಲಿಯ ಈಚೆ ನಿಂತಿದ್ದಳು. “ಅಪ್ಪಾ, ಆ ಮಡ್ಯಾಗ ಮೆಣಸಿನ ಸಸಿ ಅದಾವ. ನಿನ್ನೆ ನೀರು ಹಾಕೇನಿ.”

ಹನುಮಂತಪ್ಪ ತಲೆ ಎತ್ತಲಿಲ್ಲ. ಆ ಮಡಿಯೊಂದನ್ನು ಬಿಟ್ಟು ಸುತ್ತ ರಂಟೆ ಹೊಡೆದ. ಹೊತ್ತು ನೆತ್ತಿಗೆ ಬಂದಾಗ ಗೌಡರ ಮಗ ಬಂದು, “ಅದನ್ಯಾಕ ಬಿಟ್ಟಿ?” ಎಂದ. ಹನುಮಂತಪ್ಪ ಎತ್ತು ತಿರುಗಿಸಿ ಅದನ್ನೂ ಹೊಡೆದ. ಅಂದು ಮನೆಯಲ್ಲಿ ಅವನು ರೊಟ್ಟಿ ಮುಟ್ಟಲಿಲ್ಲ. ಮಾದೇವಿ ಅವನನ್ನು ಊಟಕ್ಕೆ ಕರೆಯಲೂ ಇಲ್ಲ.

ಶನಿವಾರದ ಕಾಯಿಪಲ್ಲೆ ನಿಂತಮೇಲೆ ಅವಳ ಶಾಲೆಯೂ ನಿಂತಿತು. ವರ್ಷ ತುಂಬುವುದರೊಳಗೆ ಅದೇ ತೋಟದಲ್ಲಿ ಕೂಲಿಗೆ ನಿಂತಳು. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಬೂದಿ ಹೆಚ್ಚು ಬಿದ್ದಿದೆ ಎಂದು ಅವಳಿಗೆ ತಿಳಿದಷ್ಟು ಗೌಡರಿಗೂ ತಿಳಿದಿರಲಿಲ್ಲ. ಬೆಳೆ ಚೆನ್ನಾಗಿ ಬಂತು. ಯುದ್ಧದ ಕಾಲ, ಕಾಳುಕಡಿಗೆ ರೇಷನ್ನು. ಹೆಚ್ಚು ಬೆಳೆಯಿರಿ ಎಂದು ಸರಕಾರ ಊರೂರಿಗೆ ಡಂಗುರ ಸಾರುತ್ತಿತ್ತು. ನಲವತ್ನಾಲ್ಕರಲ್ಲಿ ಗೌಡರ ತೋಟ ನೋಡಲು ಅಧಿಕಾರಿಯೊಬ್ಬರು ಬಂದರು. ಸ್ವಾಗತಕ್ಕೆ ಗಿರಿಯಪ್ಪ ಮಾಸ್ತರರು ಶಾಲೆಯ ಮಕ್ಕಳನ್ನು ಬೇಲಿಯ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿದ್ದರು.

ಮಾದೇವಿ ಬೆಂಡೆ ಊರುತ್ತಿದ್ದಳು. ಅಧಿಕಾರಿ ಅವಳ ಹತ್ತಿರ ಬಂದು ನಿಂತರು. “ಬೀಜ ಇಷ್ಟು ಮ್ಯಾಲ ಯಾಕ ಹಾಕ್ತೀ?”

“ಎರಡು ಬೆರಳಿಗಿಂತ ಕೆಳಗ ಹೋದ್ರ ಮ್ಯಾಲ ಬರೂದ್ರಾಗ ಅದರ ಬುತ್ತಿ ತೀರತೈತ್ರಿ.”

ಅಧಿಕಾರಿಗೆ ಆಶ್ಚರ್ಯವಾಯಿತು. “ಯಾರು ಕಲಿಸಿದ್ರು?”

ಮಾದೇವಿ ಬೇಲಿಯತ್ತ ನೋಡಿದಳು. ಅಷ್ಟರಲ್ಲಿ ಗೌಡರು, “ನಮ್ಮ ಆಳಿನ ಮಗಳ್ರಿ. ನಮ್ಮ ತ್ವಾಟದಾಗ ದುಡದು ಕಲ್ತಾಳ್ರಿ. ಹಿರ್ಯಾರ ಕಾಲದಿಂದ ಇದು ಒಳ್ಳೆ ಭೂಮಿ,” ಎಂದರು.

“ಆಳುಗಳಿಗೂ ಇಷ್ಟು ತಿಳಿಸಿ ಹೇಳೀರಿ, ಶಹಬಾಸ್ ಗೌಡ್ರ,” ಎಂದರು ಅಧಿಕಾರಿ.

ಮಾದೇವಿ ಇನ್ನೂ ಮಾಸ್ತರರನ್ನೇ ನೋಡುತ್ತಿದ್ದಳು. ಮಾಸ್ತರರ ಬಾಯಿ ತೆರೆಯಿತು. ಆಮೇಲೆ ಅವರು ಮುಂದಿನ ಸಾಲಿನ ಹುಡುಗನ ಟೊಪ್ಪಿಗೆ ಸರಿಮಾಡಲು ಬಗ್ಗಿದರು. ಅವರಿಗೀಗ ಇಬ್ಬರು ಮಕ್ಕಳು. ಗೌಡರು ಶಾಲಾ ಕಮಿಟಿಯ ಅಧ್ಯಕ್ಷರು. ಶಾಲೆಯ ಮಕ್ಕಳು ಹಾಡು ಹೇಳಿದರು, ಗೌಡರಿಗೆ ಹಾರ ಬಿತ್ತು.

ಎರಡು ದಿನ ಕಳೆದು ಮಾಸ್ತರರು ಹನುಮಂತಪ್ಪನ ಮನೆಯ ಕಟ್ಟೆಗೆ ಬಂದು ಕೂತರು. ಮಾದೇವಿ ನೀರು ತಂದಿಟ್ಟಳು.

“ಅವತ್ತ ನಾನು ಹೇಳಬೇಕಿತ್ತು, ಮಾದೇವಿ.”

“ಹೌದ್ರಿ, ಹೇಳಬೇಕಿತ್ರಿ.”

ಇರಲಿ ಬಿಡ್ರಿ ಎಂದು ಅವಳು ಅನ್ನಬಹುದೆಂದು ಅವರು ಕಾದರು. ಅವಳು ಅನ್ನಲಿಲ್ಲ. ಕೊನೆಗೆ ಅವರೇ, ಕೆರೆಯಾಚೆ ದ್ಯಾಮಪ್ಪ ಎಂಬವರು ಶಾಲೆಗೆ ಒಂದು ತುಂಡು ಜಾಗ ಕೊಡುತ್ತೇನೆಂದಿದ್ದಾರೆ, ಮಕ್ಕಳು ಮತ್ತೆ ತೋಟ ಮಾಡಬಹುದು ಎಂದರು. “ನಿನ್ನ ತಂಗಿ ಶಾರವ್ವಗ ಏಳು ವರ್ಷ ಆತಲ್ಲ. ಕಳಸು.”

“ಹ್ಯಾಂಗೈತ್ರಿ ಆ ಜಾಗ?”

“ಸ್ವಲ್ಪ ಕಲ್ಲು ಐತಿ.”

ಮಾದೇವಿ ತನ್ನ ಕೈಗಳನ್ನು ಸೀರೆಯ ಸೆರಗಿಗೆ ಒರೆಸಿಕೊಂಡಳು. “ಕಳಸ್ತೇನ್ರಿ. ಓದಾಕ ಬರಿಯಾಕ ಕಲಸ್ರಿ ಆಕಿಗೆ. ಕಲ್ಲು ಆರಸಾಕ ಹಚ್ಚಬ್ಯಾಡ್ರಿ. ಹಚ್ಚಿದ್ದು ಗೊತ್ತಾದ್ರ ಅವತ್ತೇ ಬಿಡಿಸ್ಕೊಂಡು ಬರ್ತೇನಿ.”

ಮಾಸ್ತರರು ಆಗಲಿ ಎಂದರು. ನೀರಿನ ತಂಬಿಗೆ ತುಂಬಿದಂತೆಯೇ ಉಳಿಯಿತು.

ಮುಂದಿನ ಸೋಮವಾರ ಮಾದೇವಿ ತಂಗಿಯನ್ನು ಶಾಲೆಯ ಬಾಗಿಲವರೆಗೆ ಬಿಟ್ಟಳು. ಒಳಗೆ ಹೋಗಲಿಲ್ಲ. ಗೌಡರ ತೋಟದಲ್ಲಿ ಅಂದು ಬದನೆಕಾಯಿ ಬಿಡಿಸುವುದಿತ್ತು, ಆಗಲೇ ತಡವಾಗಿತ್ತು.